ಆದಿತ್ಯವಾರದ ರಜೆಯನ್ನು ದೊರಕಿಸಿಕೊಟ್ಟ ಲೋಖಂಡೆಯವರು

ವಾರಕ್ಕೊಂದು ದಿನ ಬಿಡುವು ಎಂಬುದು ಇಂದು ಗುಮಾಸ್ತನಿಗಾಗಲಿ, ಕಾರ್ಖಾನೆಯ ಕೆಲಸಗಾರನಿಗಾಗಲಿ, ಗಾಳಿಬೆಳಕಿನಂತೆ ತಾನಾಗಿಯೇ ಒದಗಿ ಬಂದ ವಸ್ತುವೆಂದು ತೋರುತ್ತದೆ. ಶೇಂದ್ರಾದ ಔದ್ಯೋಗಿಕ ವಸಾಹತಿನಲ್ಲಿ ರಜೆಯ ಸಂಜೆ ನಮ್ಮ ಹೋಟೆಲುಗಳ ಮುಂದೆ ನೆರೆಯುವ ತರುಣರನ್ನು ಕಂಡಾಗಲೆಲ್ಲ ನಮಗೆ ಒಬ್ಬ ಮಹನೀಯರ ನೆನಪಾಗುತ್ತದೆ. ಆ ಬಿಡುವು ತಾನಾಗಿ ಬಂದುದಲ್ಲ. ಅದನ್ನು ಬೇಡಿ, ವಾದಿಸಿ, ಆರು ವರ್ಷ ಕಾದು ತಂದವರೊಬ್ಬರಿದ್ದರು. ಅವರೇ ಮುಂಬಯಿಯ ರಾವ್ ಬಹಾದ್ದೂರ್ ನಾರಾಯಣ ಮೇಘಾಜಿ ಲೋಖಂಡೆಯವರು. ಹಿಂದುಸ್ಥಾನದ ಕಾರ್ಮಿಕ ಚಳವಳಿಯ ಜನಕರೆಂದು ಅವರನ್ನು ಇತಿಹಾಸಕಾರರು ಕರೆಯುತ್ತಾರೆ. ಹೊಟ್ಟೆಪಾಡಿಗಾಗಿ ಮಹಾರಾಷ್ಟ್ರಕ್ಕೆ ಬಂದು ಈ ನೆಲದ ಅನ್ನವನ್ನುಣ್ಣುತ್ತಿರುವ ಕನ್ನಡಿಗರು ಅವರ ಚರಿತ್ರೆಯನ್ನು ಅರಿತಿರುವುದು ಉಚಿತವೆಂದು ಭಾವಿಸಿ, ನಮಗೆ ತಿಳಿದಷ್ಟನ್ನು ಇಲ್ಲಿ ನಿರೂಪಿಸುತ್ತೇವೆ.

ಲೋಖಂಡೆಯವರು 1848ರಲ್ಲಿ ಠಾಣೆಯಲ್ಲಿ ಜನಿಸಿದರು. ಅವರ ಮನೆತನದ ಮೂಲ ಪುಣೆ ಜಿಲ್ಲೆಯದು. ಕುಲದಿಂದ ಮಾಳಿಗಳು, ಅಂದರೆ ಹೂ ತರಕಾರಿಗಳ ಬೇಸಾಯ ಮಾಡುವವರು. ಶಾಲೆಯ ಓದು ಮುಗಿದ ಬಳಿಕ ಮನೆಯ ಸ್ಥಿತಿ ಕಾಲೇಜಿನ ಮೆಟ್ಟಲೇರಲು ಅವಕಾಶ ಕೊಡಲಿಲ್ಲ. ರೈಲ್ವೆಯಲ್ಲಿಯೂ ಅಂಚೆ ಇಲಾಖೆಯಲ್ಲಿಯೂ ಕೆಲಕಾಲ ದುಡಿದು, ತರುವಾಯ ಅವರು ಮುಂಬಯಿಯ ಬಟ್ಟೆಯ ಗಿರಣಿಯೊಂದರಲ್ಲಿ ಉಗ್ರಾಣದ ಮೇಲ್ವಿಚಾರಕರಾಗಿ ಸೇರಿದರು. ಎಂದರೆ ಅವರೂ ನಮ್ಮ ವಾಚಕರಲ್ಲಿ ಅನೇಕರಂತೆ ಲೆಕ್ಕದ ಪುಸ್ತಕ ಹಿಡಿದು ಕುಳಿತ ಗುಮಾಸ್ತರೇ. ಉಗ್ರಾಣದಲ್ಲಿ ಕುಳಿತವನಿಗೆ ಮಾಲಿಕನ ಮುಖವೂ ಕಾಣುತ್ತದೆ, ಕೂಲಿಯವನ ಮುಖವೂ ಕಾಣುತ್ತದೆ. ಲೋಖಂಡೆಯವರ ಕಣ್ಣು ಎರಡನೆಯದರ ಮೇಲೆ ನೆಟ್ಟಿತು.

ಅಂದಿನ ಗಿರಣಿಯ ಬಾಳು ಎಂತಹದಿತ್ತೆಂಬುದನ್ನು ಈಗಿನವರು ಊಹಿಸುವುದೂ ಕಷ್ಟ. 1854ರಲ್ಲಿ ಕಾವಸಜಿ ದಾವರರು ಮುಂಬಯಿಯ ಮೊದಲನೆಯ ಹತ್ತಿಗಿರಣಿಯನ್ನು ಸ್ಥಾಪಿಸಿದ ನಂತರ ಮೂವತ್ತು ವರ್ಷಗಳಲ್ಲಿ ಅಲ್ಲಿ ಹೊಗೆಕೊಳವೆಗಳ ಕಾಡೇ ಬೆಳೆಯಿತು. ಕೊಂಕಣದಿಂದಲೂ ಘಟ್ಟದ ಮೇಲಿನಿಂದಲೂ ಜನರು ತಂಡತಂಡವಾಗಿ ಬಂದು ಸೇರಿದರು. ನಸುಕಿನಲ್ಲಿ ಕೆಲಸ ಆರಂಭವಾದರೆ ಸೂರ್ಯ ಮುಳುಗುವವರೆಗೂ ಯಂತ್ರ ನಿಲ್ಲುತ್ತಿರಲಿಲ್ಲ. ಬೇಸಗೆಯಲ್ಲಿ ಅದು ಹದಿಮೂರು ಹದಿನಾಲ್ಕು ಗಂಟೆಗಳಾಗುತ್ತಿದ್ದಿತು. ಒಣಗಾಳಿಗೆ ನೂಲು ಹರಿಯುವುದೆಂದು ಕಿಟಕಿಗಳನ್ನು ಮುಚ್ಚಿ ಒಳಗೆ ಹಬೆಯಾಡಿಸುತ್ತಿದ್ದರು. ಹತ್ತಿಯನ್ನು ಬಿಡಿಸಿ ಬಾಚುವ ಕೋಣೆಗಳಲ್ಲಿ ಸಣ್ಣ ಧೂಳು ಮಂಜಿನಂತೆ ತುಂಬಿರುತ್ತಿದ್ದಿತು. ಏಳೆಂಟು ವರ್ಷದ ಮಕ್ಕಳೂ ಅದರಲ್ಲಿಯೇ ದುಡಿಯುತ್ತಿದ್ದರು. ಸಂಬಳ ಯಾವ ದಿನ ಕೈಗೆ ಬರುವುದೆಂಬ ನೆಚ್ಚಿಕೆಯಿರಲಿಲ್ಲ. ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವನಿಗೆ ಊರಿನ ದಾರಿಯೊಂದೇ ಗತಿ.

ಹತ್ತಿಯ ಈ ಧೂಳಿನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ವರ್ಷಗಟ್ಟಲೆ ಅದನ್ನುಸಿರಾಡಿದವರಿಗೆ ಎದೆ ಬಿಗಿದು ಉಸಿರು ಸಿಕ್ಕುವ ಒಂದು ಕಾಯಿಲೆ ಬರುತ್ತದೆ. ಅದಕ್ಕೆ ವೈದ್ಯರು ಬಿಸಿನೋಸಿಸ್ ಎಂದು ಹೆಸರಿಟ್ಟಿದ್ದಾರೆ. ಅದರ ಮೊದಲ ಲಕ್ಷಣ ವಿಚಿತ್ರವಾದುದು. ರಜೆಯ ದಿನ ಕಳೆದು ಸೋಮವಾರ ಮರಳಿ ಕೆಲಸಕ್ಕೆ ಬಂದಾಗ ಎದೆ ಬಿಗಿಯುತ್ತದೆ. ವಾರ ಸಾಗಿದಂತೆ ಕೊಂಚ ಸಡಿಲವಾಗುತ್ತದೆ. ಅಂದರೆ ವಾರದಲ್ಲಿ ಒಂದು ದಿನ ಧೂಳಿನಿಂದ ದೂರವಾದ ಮೇಲೆಯೇ ಈ ಕಾಯಿಲೆಯ ಗುರುತು ಕೆಲಸಗಾರನಿಗೆ ಸ್ಪಷ್ಟವಾಗಿ ತಿಳಿಯುವುದು. ಬಿಡುವೇ ಇಲ್ಲದವನಿಗೆ ತನ್ನ ದೇಹವನ್ನು ಕೆಡಿಸುತ್ತಿರುವುದು ಕೆಲಸವೋ ವಿಧಿಯೋ ತಿಳಿಯುವ ಬಗೆಯೇ ಇಲ್ಲ. ವಾರದ ರಜೆಗೆ ದಣಿವಾರಿಸಿಕೊಳ್ಳುವುದಲ್ಲದೆ ಈ ಅರ್ಥವೂ ಇದೆಯೆಂಬುದನ್ನು ನಾವು ಬಹಳ ತಡವಾಗಿ ತಿಳಿದುಕೊಂಡೆವು.

ಲೋಖಂಡೆಯವರಿಗೆ ದಾರಿ ತೋರಿದವರು ಮಹಾತ್ಮಾ ಜ್ಯೋತಿರಾವ್ ಫುಲೆಯವರು. ಫುಲೆಯವರು 1873ರಲ್ಲಿ ಪುಣೆಯಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದ್ದರು. ಆ ಸಮಾಜದ ವಿಚಾರಗಳನ್ನು ಹರಡಲು 1877ರಲ್ಲಿ ಕೃಷ್ಣರಾವ್ ಭಾಲೇಕರರು ದೀನಬಂಧು ಎಂಬ ಮರಾಠಿ ಪತ್ರಿಕೆಯನ್ನು ಹೊರಡಿಸಿದರು. ಅದು ಹಣವಿಲ್ಲದೆ ಸೊರಗಿದಾಗ 1880ರಲ್ಲಿ ಲೋಖಂಡೆಯವರು ಅದನ್ನು ಮುಂಬಯಿಗೆ ತಂದು ತಾವೇ ಸಂಪಾದಕರಾದರು. ಉಗ್ರಾಣದ ಲೆಕ್ಕ ಬರೆದ ಕೈ ಗಿರಣಿಯವರ ಕಷ್ಟವನ್ನು ಬರೆಯತೊಡಗಿತು. ಗಲ್ಲಾಪೆಟ್ಟಿಗೆಯ ಮುಂದಿನಿಂದೆದ್ದು ಬಂದು ಪತ್ರಿಕೆಯ ಮೇಜಿಗೆ ಕುಳಿತ ನಮ್ಮಂಥವರಿಗೆ ಈ ಸಂಗತಿ ಧೈರ್ಯವನ್ನು ಕೊಡುತ್ತದೆಂದು ಒಪ್ಪಿಕೊಳ್ಳಲು ನಾವು ನಾಚುವುದಿಲ್ಲ. ದೊಡ್ಡ ಓದು ಇಲ್ಲದವನೂ ತಾನು ಕಣ್ಣಾರೆ ಕಂಡುದನ್ನು ಸತ್ಯವಾಗಿ ಬರೆಯಬಲ್ಲನು.

1881ರಲ್ಲಿ ಸರಕಾರವು ಮೊದಲನೆಯ ಕಾರ್ಖಾನೆ ಕಾಯಿದೆಯನ್ನು ಮಾಡಿತು. ಏಳು ವರ್ಷದ ಕೆಳಗಿನ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡು ವರ್ಷದವರಿಗೆ ಒಂಬತ್ತು ಗಂಟೆಗಿಂತ ಹೆಚ್ಚು ಕೆಲಸ ಕೊಡಬಾರದು ಎಂಬಿಷ್ಟೇ ಅದರ ಮುಖ್ಯ ಸಾರ. ದೊಡ್ಡವರ ಮಾತನ್ನು ಅದು ಎತ್ತಲೇ ಇಲ್ಲ. 1884ರಲ್ಲಿ ಈ ಕಾಯಿದೆಯನ್ನು ತಿದ್ದುವ ವಿಚಾರಕ್ಕಾಗಿ ಮುಂಬಯಿ ಸರಕಾರ ಒಂದು ಆಯೋಗವನ್ನು ನೇಮಿಸಿತು. ಆಯೋಗದ ಮುಂದೆ ಮಾಲಿಕರು ಮಾತನಾಡುವರು, ಸಾಹೇಬರು ಮಾತನಾಡುವರು. ಕೆಲಸಗಾರನ ಮಾತನ್ನು ಹೇಳುವವರಾರು? ಆ ವರ್ಷದ ಸೆಪ್ಟಂಬರದಲ್ಲಿ ಲೋಖಂಡೆಯವರು ಗಿರಣಿ ಕೆಲಸಗಾರರ ಸಭೆಗಳನ್ನು ನೆರೆಸಿ, 5,500 ಜನರ ಸಹಿಯುಳ್ಳ ಮನವಿಯೊಂದನ್ನು ಸಿದ್ಧಪಡಿಸಿದರು.

ಆ ಮನವಿಯಲ್ಲಿ ಐದು ಬೇಡಿಕೆಗಳಿದ್ದವು. ಪ್ರತಿ ಆದಿತ್ಯವಾರ ಇಡೀ ದಿನದ ರಜೆ ಬೇಕು. ನಡುಹಗಲಿನಲ್ಲಿ ಅರ್ಧ ಗಂಟೆಯ ವಿರಾಮ ಬೇಕು. ಕೆಲಸವು ಬೆಳಿಗ್ಗೆ ಆರೂವರೆಗೆ ತೊಡಗಿ ಸೂರ್ಯಾಸ್ತಕ್ಕೆ ಮುಗಿಯಬೇಕು. ದುಡಿದ ತಿಂಗಳ ಸಂಬಳ ಮರುತಿಂಗಳ ಹದಿನೈದನೆಯ ತಾರೀಕಿನೊಳಗೆ ಕೈ ಸೇರಬೇಕು. ಐದನೆಯದು, ಕೆಲಸದಲ್ಲಿ ಭಾರಿ ಪೆಟ್ಟಾಗಿ ದುಡಿಯಲಾರದವನಿಗೆ ಗುಣವಾಗುವವರೆಗೆ ಪೂರ್ಣ ಸಂಬಳವನ್ನೂ, ಜನ್ಮಪೂರ್ತಿ ಅಂಗವಿಕಲನಾದವನಿಗೆ ಜೀವನಾಂಶವನ್ನೂ ಕೊಡಬೇಕು. ಈ ಐದರಲ್ಲಿ ಯಾವುದೂ ಅತಿಯಾಸೆಯದಲ್ಲ. ಆದರೂ ಅಂದಿನ ಮಾಲಿಕರ ಕಿವಿಗೆ ಅವೆಲ್ಲವೂ ಕೇಳರಿಯದ ಮಾತುಗಳಾಗಿದ್ದವು. ಲೋಖಂಡೆಯವರು ಅಧ್ಯಕ್ಷರಾಗಿ ಸ್ಥಾಪಿಸಿದ ಬಾಂಬೆ ಮಿಲ್‌ಹ್ಯಾಂಡ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಗೆ ಸದಸ್ಯರ ಪಟ್ಟಿಯಿರಲಿಲ್ಲ, ನಿಧಿಯಿರಲಿಲ್ಲ, ನಿಯಮಾವಳಿಯೂ ಇರಲಿಲ್ಲ. ಕಷ್ಟವನ್ನು ಹೇಳಿಕೊಂಡು ಬಂದವರಿಗೆ ಸಲಹೆ ಕೊಟ್ಟು, ಅರ್ಜಿ ಬರೆದುಕೊಡುವ ಒಬ್ಬ ಮನುಷ್ಯನೇ ಆ ಸಂಸ್ಥೆಯಾಗಿದ್ದನೆಂದರೂ ಸಲ್ಲುವುದು.

ಅವರ ದಾರಿ ಸುಗಮವಾಗಿರಲಿಲ್ಲ. ಹಿಂದುಸ್ಥಾನದ ಗಿರಣಿಗಳ ಸ್ಪರ್ಧೆಯನ್ನು ಮುರಿಯಲೆಂದು ವಿಲಾಯತಿಯ ಲ್ಯಾಂಕಾಶೈರಿನ ಬಟ್ಟೆಯ ವ್ಯಾಪಾರಿಗಳೂ ಇಲ್ಲಿ ಕಾರ್ಖಾನೆ ಕಾಯಿದೆ ಬೇಕೆಂದು ಒತ್ತಾಯಿಸುತ್ತಿದ್ದರು. ಆದುದರಿಂದ ಅಂದಿನ ಅನೇಕ ದೇಶಾಭಿಮಾನಿ ಪತ್ರಿಕೆಗಳು ಇಂಥ ಕಾಯಿದೆಯನ್ನು ಸ್ವದೇಶಿ ಉದ್ಯಮದ ವೈರಿಯೆಂದೇ ಬಗೆದವು. ಆ ಸಂಶಯದಲ್ಲಿ ಸತ್ಯಾಂಶವಿಲ್ಲದೆ ಇರಲಿಲ್ಲ. ಆದರೆ ವಿಲಾಯತಿಯವನ ಉದ್ದೇಶ ಏನೇ ಇರಲಿ, ಪರಳಿನ ಚಾಳಿನಲ್ಲಿ ಕೆಮ್ಮುತ್ತಿರುವ ಕೆಲಸಗಾರನ ಎದೆ ಇಲ್ಲಿಯದೇ ಅಲ್ಲವೇ ಎಂಬುದು ಲೋಖಂಡೆಯವರ ನಿಲುವು. ಉದ್ಯಮವೂ ಉಳಿಯಬೇಕು, ಅದನ್ನು ನಡೆಸುವ ಕೈಗಳೂ ಉಳಿಯಬೇಕು ಎಂಬ ಹಟವನ್ನು ಅವರು ಬಿಡಲಿಲ್ಲ.

ಕಡೆಗೆ 1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಮೈದಾನದಲ್ಲಿ ಸುಮಾರು ಹತ್ತು ಸಾವಿರ ಕೆಲಸಗಾರರ ಸಭೆ ಸೇರಿತು. ಇಬ್ಬರು ಹೆಂಗಸರು ಅಲ್ಲಿ ಎದ್ದು ನಿಂತು ಭಾಷಣ ಮಾಡಿದರು. ಅಂದಿನ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ. ಆದಿತ್ಯವಾರದ ರಜೆಯನ್ನು ಬೇಡುವ ಮನವಿ ಗಿರಣಿ ಮಾಲಿಕರ ಸಂಘಕ್ಕೆ ಹೋಯಿತು. ಅದೇ ವರ್ಷ ಜೂನ್ 10ರಂದು ಮಾಲಿಕರು ಅದಕ್ಕೆ ಒಪ್ಪಿಗೆ ಕೊಟ್ಟರು. ಒಂದು ಕಲ್ಲು ಬೀಳಲಿಲ್ಲ, ಒಬ್ಬನ ತಲೆ ಒಡೆಯಲಿಲ್ಲ. ಅದೇ 1890ರಲ್ಲಿ ಭಾರತ ಸರಕಾರ ನೇಮಿಸಿದ ಕಾರ್ಖಾನೆ ಆಯೋಗದಲ್ಲಿ ಮುಂಬಯಿ ಕೆಲಸಗಾರರ ಪರವಾಗಿ ಲೋಖಂಡೆಯವರಿಗೆ ಸ್ಥಾನ ದೊರೆಯಿತು. 1891ರ ಕಾಯಿದೆಯು ವಾರದ ರಜೆಯನ್ನೂ ಅರ್ಧ ಗಂಟೆಯ ವಿರಾಮವನ್ನೂ ನಿಯಮವಾಗಿಸಿತು. ಹೆಂಗಸರಿಗೆ ಹನ್ನೊಂದು ಗಂಟೆಯ ಮಿತಿಯನ್ನಿಟ್ಟಿತು. ದುಡಿಯುವ ಮಗುವಿನ ಕನಿಷ್ಠ ವಯಸ್ಸನ್ನು ಒಂಬತ್ತಕ್ಕೇರಿಸಿತು.

ಲೋಖಂಡೆಯವರ ಕಾರ್ಯ ಗಿರಣಿಯ ಗೋಡೆಗಳೊಳಗೇ ಉಳಿಯಲಿಲ್ಲ. ವಿಧವೆಯರ ತಲೆ ಬೋಳಿಸುವ ಕ್ರೂರ ಪದ್ಧತಿಗೆ ತಾವು ಕೈಗೂಡಿಸುವುದಿಲ್ಲವೆಂದು ಮುಂಬಯಿಯ ಕ್ಷೌರಿಕರು ನಿರ್ಧರಿಸುವಂತೆ ಅವರು ಪ್ರೇರಿಸಿದರು. 1893ರಲ್ಲಿ ಮುಂಬಯಿಯಲ್ಲಿ ಹಿಂದೂ ಮುಸಲ್ಮಾನರ ನಡುವೆ ಗಲಭೆಯೆದ್ದಾಗ ಎರಡೂ ಕಡೆಯವರನ್ನು ಶಾಂತಗೊಳಿಸಲು ಓಡಾಡಿದರು. ಸರಕಾರ ಅವರಿಗೆ ರಾವ್ ಬಹಾದ್ದೂರ್ ಪದವಿಯನ್ನು ಕೊಟ್ಟಿತು. ಪದವಿ ಬಂದ ಮೇಲೂ ಚಾಳುಗಳ ಓಡಾಟ ನಿಲ್ಲಲಿಲ್ಲ. ಅವರ ಅಂತ್ಯಕ್ಕೂ ಆ ಓಡಾಟವೇ ಕಾರಣವಾಯಿತು.

1896ರ ಸೆಪ್ಟಂಬರದಲ್ಲಿ ಮುಂಬಯಿಯ ಮಾಂಡವಿಯಲ್ಲಿ ಜ್ವರ, ತೊಡೆಸಂದು ಕಂಕುಳುಗಳ ಗೆಡ್ಡೆ, ಎರಡು ಮೂರು ದಿನಗಳಲ್ಲಿ ಮರಣ ಎಂಬ ಸುದ್ದಿ ಹಬ್ಬಿತು. ಅದು ಮಹಾಮಾರಿ ಪ್ಲೇಗೆಂದು ಮೊದಲು ಗುರುತಿಸಿದವರು ಗೋವೆಯ ಮೂಲದ ಡಾಕ್ಟರ್ ಅಕಾಸಿಯೋ ವಿಯೆಗಾಸರು. ಎಂಟು ಲಕ್ಷದಷ್ಟು ಜನರಿದ್ದ ಪಟ್ಟಣದಿಂದ ಲಕ್ಷಗಟ್ಟಲೆ ಜನ ಊರುಗಳಿಗೆ ಓಡಿದರು. ಗಿರಣಿಗಳಲ್ಲಿ ಕೈಗಳೇ ಇಲ್ಲದಾಗಿ, ಬೀದಿಯ ಮೂಲೆಗಳಲ್ಲಿ ಕೂಲಿಯವರಿಗೆ ದಿನದ ಕೂಲಿಯನ್ನು ಹರಾಜಿನಂತೆ ಕೂಗುತ್ತಿದ್ದರಂತೆ. ರೋಗಿಯನ್ನು ಕಂಡರೆ ಬಂಧುಗಳೂ ದೂರವಾಗುತ್ತಿದ್ದ ಆ ದಿನಗಳಲ್ಲಿ ಲೋಖಂಡೆಯವರು ಪಟ್ಟಣವನ್ನು ಬಿಡಲಿಲ್ಲ. ಬಡರೋಗಿಗಳಿಗಾಗಿ ಮರಾಠಾ ಆಸ್ಪತ್ರೆಯನ್ನು ತೆರೆಯುವುದರಲ್ಲಿ ಮುಂದಾಗಿ ನಿಂತು, ಅವರ ಶುಶ್ರೂಷೆಗೆ ತೊಡಗಿದರು.

ಆ ರೋಗ ಹೇಗೆ ಹರಡುವುದೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ರೋಗಾಣುವನ್ನು 1894ರಲ್ಲಿ ಹಾಂಕಾಂಗಿನಲ್ಲಿ ಯೆರ್ಸಿನರು ಕಂಡುಹಿಡಿದಿದ್ದರು. ಹಾಫ್‌ಕಿನರು ಮುಂಬಯಿಯಲ್ಲಿಯೇ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಆದರೆ ಇಲಿಯಿಂದ ಮನುಷ್ಯನಿಗೆ ರೋಗವನ್ನು ತರುವುದು ಇಲಿಯ ಮೈಮೇಲಿನ ಚಿಗಟವೆಂಬುದನ್ನು ಕರಾಚಿಯಲ್ಲಿ ಸಿಮೊಂಡರು ಪ್ರಯೋಗದಿಂದ ತೋರಿಸಿದುದು 1898ರಲ್ಲಿ. ಲೋಖಂಡೆಯವರಿಗೆ ಅಷ್ಟು ಕಾಲವಿರಲಿಲ್ಲ. 1897ರ ಫೆಬ್ರವರಿ 9ರಂದು, ಐವತ್ತು ವರ್ಷ ತುಂಬುವ ಮೊದಲೇ, ಅದೇ ರೋಗಕ್ಕೆ ಅವರು ಬಲಿಯಾದರು. ಅವರ ಗುರುಪತ್ನಿಯಂತಿದ್ದ ಸಾವಿತ್ರಿಬಾಯಿ ಫುಲೆಯವರೂ ಪುಣೆಯಲ್ಲಿ ಪ್ಲೇಗು ರೋಗಿಗಳ ಸೇವೆ ಮಾಡುತ್ತ ಮಾರ್ಚ್ 10ರಂದು ತೀರಿಕೊಂಡರು. ಒಂದು ತಿಂಗಳ ಅಂತರದಲ್ಲಿ ಸತ್ಯಶೋಧಕ ಸಮಾಜ ಎರಡು ಕಂಬಗಳನ್ನು ಕಳೆದುಕೊಂಡಿತು.

ಅವರ ಐದು ಬೇಡಿಕೆಗಳಲ್ಲಿ ರಜೆಯೂ ವಿರಾಮವೂ ಅವರ ಕಣ್ಣೆದುರೇ ದೊರೆತವು. ಐದನೆಯದು ಮಾತ್ರ ಬಹುಕಾಲ ಕಾಯಬೇಕಾಯಿತು. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡುವ ಕಾಯಿದೆ ಬಂದುದು 1923ರಲ್ಲಿ, ಅಂದರೆ ಅವರ ಮನವಿಯಾದ ಮೂವತ್ತೊಂಬತ್ತು ವರ್ಷಗಳಿಗೆ. ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ 1948ರಲ್ಲಿ ಆಯಿತು. ಯೋಜನೆ 1952ರಲ್ಲಿ ಕಾನಪುರ ಮತ್ತು ದಿಲ್ಲಿಗಳಲ್ಲಿ ಆರಂಭವಾಯಿತು. ಉದ್ಯೋಗದಿಂದ ಬರುವ ಕಾಯಿಲೆಗಳ ಪಟ್ಟಿಯೊಂದು ಈ ಕಾಯಿದೆಗಳಲ್ಲಿದ್ದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿಯೂ ಅದು ಉಂಟು. ಸೀಸ, ಪಾದರಸ, ಕ್ರೋಮಿಯಂ, ಬೆಂಜೀನ್ ಮೊದಲಾದವುಗಳ ವಿಷ, ರಾಸಾಯನಿಕಗಳಿಂದಾಗುವ ಚರ್ಮರೋಗ, ಹತ್ತಿಧೂಳಿನ ಕಾಯಿಲೆ, ಸೋಂಕಿನ ವಿಶೇಷ ಭಯವುಳ್ಳ ಕೆಲಸದಲ್ಲಿ ತಗಲುವ ಸಾಂಕ್ರಾಮಿಕ ರೋಗ, ಇವೆಲ್ಲವೂ ಅದರಲ್ಲಿ ಸೇರಿವೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ವಾಚಕರ ಮುಂದಿಡಬೇಕಾಗಿದೆ. ನಾವು ಹೋಟೆಲು ನಡೆಸುತ್ತಿದ್ದಾಗ ಪಾತ್ರೆ ತೊಳೆಯುವ ಒಬ್ಬ ಹುಡುಗನಿದ್ದನು. ಜಿಡ್ಡು ಬೇಗ ಬಿಡಲೆಂದು ನೀರಿಗೆ ಕಾಸ್ಟಿಕ್ ಸೋಡಾ ಬೆರೆಸಿ ಕೊಡುತ್ತಿದ್ದೆವು. ಅವನ ಬೆರಳುಗಳ ಚರ್ಮ ಸೀಳಿ ರಕ್ತ ಒಸರುತ್ತಿದ್ದಿತು. ಒಂದು ರಾತ್ರಿ ಅವನು ಬಚ್ಚಲು ತೊಳೆಯುವಾಗ ಆಸಿಡ್ಡಿನ ಮೇಲೆ ಬ್ಲೀಚಿಂಗ್ ಪುಡಿಯನ್ನು ಸುರಿದನು. ಅವೆರಡೂ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಏಳುವುದೆಂದು ಅವನಿಗೂ ತಿಳಿಯದು, ನಮಗೂ ತಿಳಿಯದು. ಉಸಿರುಗಟ್ಟಿ ಬಿದ್ದವನನ್ನು ಹೊರಗೆ ತಂದೆವು, ಜೀವ ಉಳಿಯಿತು. ಕೆಮ್ಮು ನಿಲ್ಲದಿರಲು, ಕೆಲಸಕ್ಕೆ ಬಾರದವನೆಂದು ಬಸ್ಸಿನ ಖರ್ಚು ಕೊಟ್ಟು ಊರಿಗೆ ಕಳುಹಿದೆವು. ಮಲಗಿದ್ದ ದಿನಗಳ ಸಂಬಳವನ್ನು ಕೊಡಲಿಲ್ಲ. ಅದನ್ನು ನಾವು ಆಗ ಅನ್ಯಾಯವೆಂದು ಎಣಿಸಲೂ ಇಲ್ಲ. ವರ್ಷಗಳು ಕಳೆದು, ಈ ಪತ್ರಿಕೆಯ ಕೆಲಸಕ್ಕಾಗಿ ಲೋಖಂಡೆಯವರ ಐದನೆಯ ಬೇಡಿಕೆಯನ್ನು ಓದಿದ ದಿನ ಆ ಹುಡುಗನ ಮುಖ ಕಣ್ಣ ಮುಂದೆ ಬಂದು ನಿಂತಿತು. 1884ರಲ್ಲಿ ಬರೆದ ಮಾತು ನಮ್ಮ ಮೇಲೆಯೇ ಬರೆದಂತಿದ್ದಿತು.

ಆದುದರಿಂದ ಕೆಲವು ಮಾತುಗಳನ್ನು ಹೇಳುವ ಸಲಿಗೆಯನ್ನು ವಾಚಕರು ಕ್ಷಮಿಸಬೇಕು. ಬ್ಲೀಚಿಂಗ್ ಪುಡಿಯನ್ನೂ ಆಸಿಡ್ಡನ್ನೂ ಎಂದಿಗೂ ಕೂಡಿಸಬೇಡಿರಿ. ಸೋಡಾ ಮುಟ್ಟುವ ಕೈಗೆ ರಬ್ಬರಿನ ಚೀಲವಿರಲಿ. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಒಲೆ ಉರಿಸಿ ಮಲಗಬೇಡಿರಿ. ಕಾರ್ಖಾನೆಗಳಲ್ಲಿ ಬಣ್ಣ, ಥಿನ್ನರು, ಆಮ್ಲಗಳ ನಡುವೆ ದುಡಿಯುವ ತಮ್ಮಂದಿರು ಅದೇ ಕೈಯಲ್ಲಿ ಊಟಕ್ಕೆ ಕುಳಿತುಕೊಳ್ಳಬೇಡಿರಿ. ಮಲೆನಾಡಿನಿಂದ ಬಂದವರು ಇನ್ನೊಂದನ್ನು ನೆನಪಿಡಬೇಕು. ಪ್ಲೇಗಿಗೆ ಚಿಗಟವಿದ್ದಂತೆ ನಮ್ಮ ಕಡೆಯ ಮಂಗನ ಕಾಯಿಲೆಗೆ ಉಣುಗು ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ಈ ರೋಗ ಬೆಳಕಿಗೆ ಬಂದಿತು. ಸೌದೆಗೆ, ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವ ಬಡವರನ್ನೇ ಅದು ಹಿಡಿಯುತ್ತದೆ. 2015ರಲ್ಲಿ ಗೋವೆಯ ಸತ್ತರಿಯಲ್ಲಿ, 2016ರಲ್ಲಿ ಈ ರಾಜ್ಯದ್ದೇ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಅದು ಕಾಣಿಸಿತು. ಗೇರುತೋಟಗಳಲ್ಲಿ ದುಡಿಯುವವರೇ ಅಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದರು. ದಶಂಬರದಿಂದ ಮೇ ತಿಂಗಳವರೆಗೆ ಅದರ ಕಾಲ. ಮದುವೆ ಜಾತ್ರೆಗಳೆಂದು ನಾವು ಊರಿಗೆ ಹೋಗುವ ಕಾಲವೂ ಅದೇ.

ಇಟಲಿಯ ರಮಾಜಿನಿ ಎಂಬ ವೈದ್ಯರು 1700ರಲ್ಲಿ ಕೆಲಸಗಾರರ ಕಾಯಿಲೆಗಳ ಮೇಲೆಯೇ ಒಂದು ಗ್ರಂಥವನ್ನು ಬರೆದರು. ರೋಗಿಯನ್ನು ನೋಡುವ ವೈದ್ಯನು ಅವನ ಕಸುಬು ಯಾವುದೆಂದು ತಪ್ಪದೆ ಕೇಳಬೇಕೆಂಬುದು ಅವರ ಉಪದೇಶ. ಕುಳಿತು ಬರೆಯುವ ಗುಮಾಸ್ತರ ಕೈನೋವನ್ನೂ ರೊಟ್ಟಿ ಸುಡುವವರ ಕೆಮ್ಮನ್ನೂ ಅವರು ಮರೆತಿಲ್ಲ. ಇಲ್ಲಿಯ ವೈದ್ಯರಿಗೆ ನೂಕುನುಗ್ಗಲಿನಲ್ಲಿ ಕೇಳಲು ಬಿಡುವಿರದಿದ್ದರೆ ನೀವೇ ಹೇಳಿರಿ. ಜ್ವರ ಬಂದರೆ ಊರಿಗೆ ಹೋಗಿ ಬಂದುದನ್ನು, ಕಾಡು ಹೊಕ್ಕುದನ್ನು ಹೇಳಿರಿ. ಕೆಮ್ಮಾದರೆ ಯಾವ ಹೊಗೆಯಲ್ಲಿ, ಯಾವ ರಾಸಾಯನಿಕದಲ್ಲಿ ದುಡಿಯುತ್ತೀರೆಂಬುದನ್ನು ಹೇಳಿರಿ. ಈ ಜಿಲ್ಲೆಯ ವೈದ್ಯರಿಗೆ ಮಂಗನ ಕಾಯಿಲೆಯ ನೆನಪು ತಟ್ಟನೆ ಬಾರದಿರಬಹುದು; ಆ ಒಂದು ಮಾತು ಒಂದು ಜೀವವನ್ನು ಉಳಿಸಬಹುದು.

ಇಂದು ಮುಂಬಯಿಯ ಪರಳಿನಲ್ಲಿ ಮಹಾರಾಷ್ಟ್ರ ಸರಕಾರದ ಕಾರ್ಮಿಕ ಅಧ್ಯಯನ ಸಂಸ್ಥೆ ಲೋಖಂಡೆಯವರ ಹೆಸರನ್ನು ಹೊತ್ತಿದೆ. 2005ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಅವರ ನಿಜವಾದ ಸ್ಮಾರಕ ವಾರಕ್ಕೊಮ್ಮೆ ಬರುವ ಆ ಬಿಡುವಿನ ದಿನವೇ. ಊರೆಲ್ಲ ಬಿಡುವಾಗಿರುವ ಆದಿತ್ಯವಾರದಂದೇ ಹೋಟೆಲಿನವನಿಗೆ ಕೆಲಸ ಇಮ್ಮಡಿ ಎಂಬುದನ್ನು ನಾವು ಬಲ್ಲೆವು. ಅವನ ಬಿಡುವು ಬುಧವಾರವಾದರೂ ಆಗಲಿ, ಗುರುವಾರವಾದರೂ ಆಗಲಿ, ತಪ್ಪದೆ ಸಿಗಬೇಕು. ಮಾಲಿಕರಾದ ನಮ್ಮ ಬಂಧುಗಳು ಅದನ್ನು ದಯೆಯೆಂದೆಣಿಸದೆ ಸಲ್ಲತಕ್ಕ ಸಾಲವೆಂದು ಕೊಡಲಿ. ಕಾಯಿಲೆ ಬಿದ್ದ ಹುಡುಗನನ್ನು ಬಸ್ಸಿಗೆ ಹತ್ತಿಸುವ ಮುನ್ನ, ಉಗ್ರಾಣದ ಲೆಕ್ಕ ಬರೆಯುತ್ತಿದ್ದ ಆ ಠಾಣೆಯ ಗುಮಾಸ್ತರನ್ನು ಒಮ್ಮೆ ನೆನೆಯಲಿ. ನಾವು ನೆನೆದುದು ತಡವಾಯಿತು.